ನಾಯಿಯ ಮೈಬಣ್ಣದ ಅಕ್ಷರಮಾಲೆ: ಒಂದು ಹಳೆಯ ಗ್ರಂಥದ ಮರುಪರಿಶೀಲನೆ

ಎರಡು ಬಿಳಿ ನಾಯಿಗಳನ್ನು ಊಹಿಸಿಕೊಳ್ಳಿ. ಒಂದು, ಸ್ಕಾಟ್ಲೆಂಡ್ ಮೂಲದ ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್. ಇನ್ನೊಂದು, ಇಂಗ್ಲೆಂಡ್ ಮೂಲದ ಮಿನಿಯೇಚರ್ ಬುಲ್ ಟೆರಿಯರ್. ಎರಡೂ ಚಿಕ್ಕ ಗಾತ್ರದ ಟೆರಿಯರ್‌ಗಳೇ. ಎರಡರ ಕೂದಲಿನ ಮೇಲೂ ಬೆಳಕು ಬಿದ್ದಾಗ ಹೀರಿಕೆ ಕಡಿಮೆ, ಚದರಿಕೆ ಹೆಚ್ಚು. ಆದ್ದರಿಂದ ನಮ್ಮ ಕಣ್ಣಿಗೆ ಎರಡೂ ಬಿಳಿ. ಆದರೆ ಈ ಎರಡು ಬಿಳಿಗಳ ಕಾರಣ ಒಂದೇ ಅಲ್ಲ. ಒಂದರಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಇದ್ದಲ್ಲೇ ಇವೆ. ಅವು ತಯಾರಿಸುವ ಸರಕು ಮಾತ್ರ ಬದಲಾಗಿದೆ. ಇನ್ನೊಂದರಲ್ಲಿ ಆ ಕೋಶಗಳೇ ಚರ್ಮದ ಬಹುಭಾಗವನ್ನು ತಲುಪಿಲ್ಲ. ಈ ವ್ಯತ್ಯಾಸದ ಮೇಲೆ ಮರಿಯ ಕಿವಿ ಕೇಳಿಸುವುದೋ ಇಲ್ಲವೋ ಎಂಬುದು ನಿಂತಿರಬಹುದು.

ಭೌತವಿಜ್ಞಾನದಲ್ಲಿ ಇಂಥ ಪರಿಸ್ಥಿತಿಗೆ ವಿಲೋಮ ಸಮಸ್ಯೆ ಎನ್ನುತ್ತೇವೆ. ಕಾರಣ ಗೊತ್ತಿದ್ದರೆ ಪರಿಣಾಮವನ್ನು ಲೆಕ್ಕ ಹಾಕುವುದು ಸುಲಭ. ಪರಿಣಾಮವನ್ನು ನೋಡಿ ಕಾರಣವನ್ನು ಹೇಳುವುದು ಕಷ್ಟ, ಏಕೆಂದರೆ ಬೇರೆ ಬೇರೆ ಕಾರಣಗಳು ಒಂದೇ ಪರಿಣಾಮವನ್ನು ಕೊಡಬಲ್ಲವು. ನಾಯಿಯ ಮೈಬಣ್ಣದ ಆನುವಂಶಿಕತೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಬೇಕೆಂಬುದು ನನ್ನ ಸೂಚನೆ. ಅದಕ್ಕಾಗಿ ಈ ವಿಷಯದ ಮೂಲಗ್ರಂಥವೆಂದೇ ಹೆಸರಾದ ಒಂದು ಪುಸ್ತಕವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅಮೆರಿಕದ ತಳಿವಿಜ್ಞಾನಿ ಕ್ಲಾರೆನ್ಸ್ ಕುಕ್ ಲಿಟಲ್ ಬರೆದ, 1957ರಲ್ಲಿ ಪ್ರಕಟವಾದ ‘ದಿ ಇನ್‌ಹೆರಿಟೆನ್ಸ್ ಆಫ್ ಕೋಟ್ ಕಲರ್ ಇನ್ ಡಾಗ್ಸ್’ ಆ ಪುಸ್ತಕ.

ಗ್ರಂಥಕರ್ತ ಮತ್ತು ಹಿನ್ನೆಲೆ

ಲಿಟಲ್ (1888–1971) ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಕ್ಯಾಸಲ್ ಅವರ ಶಿಷ್ಯ. 1909ರಲ್ಲಿ ಅವರು ಆರಂಭಿಸಿದ ಇಲಿಯ ಶುದ್ಧತಳಿ ಇಂದಿಗೂ ಡಿಬಿಎ ಎಂಬ ಹೆಸರಿನಲ್ಲಿ ಪ್ರಯೋಗಾಲಯಗಳಲ್ಲಿದೆ. ಆ ಮೂರು ಅಕ್ಷರಗಳೂ ಬಣ್ಣದ ಜೀನುಗಳ ಗುರುತುಗಳೇ. 1929ರಲ್ಲಿ ಅವರು ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜ್ಯಾಕ್ಸನ್ ಪ್ರಯೋಗಾಲಯವನ್ನು ಸ್ಥಾಪಿಸಿದರು.

ಲಿಟಲ್ ಅವರ ಆರಂಭದ ಕೆಲಸಗಳಲ್ಲಿ ಒಂದನ್ನು ಅಧ್ಯಾಪಕರು ಮರೆಯಬಾರದು. ಹಳದಿ ಇಲಿಗಳು ಎಂದೂ ಶುದ್ಧತಳಿಯಾಗಿ ನಿಲ್ಲುವುದಿಲ್ಲವೆಂದು ಫ್ರಾನ್ಸಿನ ಲೂಸಿಯೆನ್ ಕ್ಯೂನೊ 1905ರಲ್ಲಿ ತೋರಿಸಿದ್ದರು. 1910ರಲ್ಲಿ ಕ್ಯಾಸಲ್ ಮತ್ತು ಲಿಟಲ್ ಇದಕ್ಕೆ ವಿವರಣೆ ಕೊಟ್ಟರು. ಹಳದಿ ಇಲಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಮರಿಗಳಲ್ಲಿ ಹಳದಿ ಮತ್ತು ಇತರ ಬಣ್ಣಗಳ ಪ್ರಮಾಣ 3:1 ಅಲ್ಲ, 2:1. ಹಳದಿಯ ಜೀನ್ ಜೋಡಿಯಾಗಿ ಬಂದ ನಾಲ್ಕನೆಯ ಒಂದು ಭಾಗ ಹುಟ್ಟುವ ಮೊದಲೇ ಸಾಯುತ್ತದೆ. ಎಂದರೆ, ಬಣ್ಣದ ಜೀನಿಗೆ ಬಣ್ಣವಲ್ಲದ ಕೆಲಸವೂ ಇರಬಹುದು, ಅದು ಸಾವು-ಬದುಕಿನ ಕೆಲಸವೂ ಆಗಿರಬಹುದು ಎಂಬುದನ್ನು ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ಲಿಟಲ್ ಒಬ್ಬರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಬದುಕಿನ ಇನ್ನೊಂದು ಮುಖವನ್ನೂ ಹೇಳಬೇಕು. ಅವರು ಯೂಜೆನಿಕ್ಸ್ ಚಳವಳಿಯಲ್ಲಿ, ಎಂದರೆ ಮನುಷ್ಯರಲ್ಲೂ ‘ಉತ್ತಮ ತಳಿ’ಯನ್ನು ಆರಿಸಬೇಕೆಂಬ ವಾದದಲ್ಲಿ, ಮುಂದಾಳಾಗಿದ್ದವರು. 1954ರಿಂದ ಅಮೆರಿಕದ ತಂಬಾಕು ಉದ್ಯಮದ ಸಂಶೋಧನಾ ಸಮಿತಿಯ ವೈಜ್ಞಾನಿಕ ನಿರ್ದೇಶಕರಾಗಿ, ಧೂಮಪಾನಕ್ಕೂ ಕ್ಯಾನ್ಸರಿಗೂ ಇರುವ ಸಂಬಂಧ ಸಿದ್ಧವಾಗಿಲ್ಲವೆಂದು ವಾದಿಸಿದರು. ಇದರಿಂದ ನಾಯಿಯ ಬಣ್ಣದ ಗ್ರಂಥ ತಾನಾಗಿ ತಪ್ಪಾಗುವುದಿಲ್ಲ. ಆದರೆ ಆನುವಂಶಿಕತೆಯ ಲೆಕ್ಕವನ್ನು ಎಲ್ಲಿಯವರೆಗೆ ಎಳೆಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಯನ್ನು ಓದುಗ ತಾನೇ ಕೇಳಿಕೊಳ್ಳಬೇಕು ಎಂಬುದಕ್ಕೆ ಇದು ಸಾಕಷ್ಟು ಕಾರಣ.

ಗ್ರಂಥದ ಹಿರಿಮೆ

ಲಿಟಲ್ ಮಾಡಿದ ಮುಖ್ಯ ಕೆಲಸವೆಂದರೆ ನೂರಾರು ಬಣ್ಣದ ಹೆಸರುಗಳ ಗೊಂದಲವನ್ನು ಕೆಲವೇ ಅಕ್ಷರಗಳಿಗೆ ಇಳಿಸಿದ್ದು. ನಾಯಿ ಸಾಕುವವರ ಭಾಷೆಯಲ್ಲಿ ಬಣ್ಣಗಳಿಗೆ ಲೆಕ್ಕವಿಲ್ಲದಷ್ಟು ಹೆಸರುಗಳಿವೆ. ಆದರೆ ಕೂದಲಿನಲ್ಲಿರುವ ವರ್ಣಕಗಳು ಎರಡೇ: ಕಪ್ಪು ಅಥವಾ ಕಂದು ಬಣ್ಣದ ಯೂಮೆಲನಿನ್ ಮತ್ತು ಕೆಂಪು-ಹಳದಿ ಛಾಯೆಯ ಫಿಯೋಮೆಲನಿನ್. ಇವುಗಳಲ್ಲಿ ಯಾವುದು, ಎಷ್ಟು, ಮೈಮೇಲೆ ಎಲ್ಲಿ, ಎಂಬುದಷ್ಟೇ ಪ್ರಶ್ನೆ.

ಲಿಟಲ್ ಅವರ ಪಟ್ಟಿಯಲ್ಲಿ ‘ಎ’ ನೆಲೆಯ ಜೀನ್ ಕಪ್ಪು ಮತ್ತು ಹಳದಿಯ ಹಂಚಿಕೆಯನ್ನು ನಿರ್ಧರಿಸುತ್ತದೆ. ‘ಬಿ’ ಕಪ್ಪನ್ನು ಕಂದಾಗಿಸುತ್ತದೆ. ‘ಡಿ’ ಬಣ್ಣವನ್ನು ತೆಳುವಾಗಿಸುತ್ತದೆ. ‘ಇ’ ಕಪ್ಪು ವರ್ಣಕ ಮೈಮೇಲೆ ಹರಡಲು ಅವಕಾಶ ಕೊಡುತ್ತದೆ ಅಥವಾ ತಡೆಯುತ್ತದೆ. ‘ಎಂ’ ಎಂದರೆ ಮರ್ಲ್, ತುಂಡುತುಂಡಾಗಿ ಮಾಸಿದ ಬಣ್ಣ. ‘ಎಸ್’ ಎಂದರೆ ಬಿಳಿ ಮಚ್ಚೆ; ಇದರಲ್ಲಿ ಮಚ್ಚೆಯಿಲ್ಲದ ಸ್ಥಿತಿಯಿಂದ ಬಹುತೇಕ ಪೂರ್ಣ ಬಿಳಿಯವರೆಗೆ ನಾಲ್ಕು ಆಲೀಲ್‌ಗಳನ್ನು ಅವರು ಗುರುತಿಸಿದರು. (ಒಂದೇ ಜೀನಿನ ಪರ್ಯಾಯ ರೂಪಗಳಿಗೆ ಆಲೀಲ್ ಎನ್ನುತ್ತಾರೆ.) ‘ಟಿ’ ಎಂದರೆ ಆ ಬಿಳಿಯೊಳಗೆ ಮೂಡುವ ಚುಕ್ಕಿಗಳು.

ಡಿಎನ್‌ಎಯ ರಚನೆ ತಿಳಿದು ಆಗ ನಾಲ್ಕೇ ವರ್ಷ. ಯಾವ ಜೀನನ್ನೂ ಓದುವ ಸಾಧನವಿರಲಿಲ್ಲ. ಮರಿಗಳನ್ನು ಎಣಿಸಿ, ಪ್ರಮಾಣಗಳನ್ನು ಹೋಲಿಸಿ, ಇಲಿ ಮತ್ತು ಮೊಲಗಳಲ್ಲಿ ತಿಳಿದಿದ್ದನ್ನು ಪಕ್ಕಕ್ಕಿಟ್ಟು ನೋಡಿ ಕಟ್ಟಿದ ಪಟ್ಟಿ ಇದು. ಅದರ ಬಹುಭಾಗ ಇಂದಿಗೂ ನಿಂತಿದೆ. ‘ಬಿ’ ಎಂದರೆ ಟಿವೈಆರ್‌ಪಿ1 ಜೀನ್, ‘ಡಿ’ ಎಂದರೆ ಎಂಎಲ್‌ಪಿಎಚ್, ‘ಇ’ ಎಂದರೆ ಎಂಸಿ1ಆರ್, ‘ಎಂ’ ಎಂದರೆ ಪಿಎಂಇಎಲ್, ‘ಎಸ್’ ಎಂದರೆ ಎಂಐಟಿಎಫ್ ಎಂದು 2000 ಮತ್ತು 2007ರ ನಡುವೆ ಒಂದೊಂದಾಗಿ ಗುರುತಿಸಲಾಯಿತು. ಎಣಿಕೆಯಿಂದಲೇ ಇಷ್ಟು ದೂರ ಬಂದದ್ದು ಸಣ್ಣ ಸಾಧನೆಯಲ್ಲ.

ಎಲ್ಲಿ ತಪ್ಪಿತು?

ತಪ್ಪುಗಳೂ ಇವೆ, ಮತ್ತು ಅವು ತರಗತಿಯಲ್ಲಿ ಚರ್ಚಿಸಲು ಯೋಗ್ಯವಾದ ತಪ್ಪುಗಳು. ಮೈಪೂರ್ತಿ ಕಪ್ಪಾಗಿಸುವ ಪ್ರಬಲ ಗುಣವನ್ನು ಲಿಟಲ್ ‘ಎ’ ನೆಲೆಯ ಆಲೀಲ್‌ಗಳ ಸಾಲಿನ ತುದಿಗೆ ಸೇರಿಸಿದರು. ಹುಲಿಪಟ್ಟೆಯಂಥ ಗೆರೆಗಳಿಗೆ ಕಾರಣವಾದ ಗುಣವನ್ನು ‘ಇ’ ಸಾಲಿಗೆ ಸೇರಿಸಿದರು. ಎರಡೂ ಸರಿಯಲ್ಲ. ಎರಡೂ ಪ್ರತ್ಯೇಕವಾದ ಮೂರನೆಯ ನೆಲೆಗೆ ಸೇರಿದವು. ಅದಕ್ಕೆ ಈಗ ‘ಕೆ’ ಎಂಬ ಹೆಸರಿದೆ. ಆ ಜೀನ್ ಬೀಟಾ-ಡಿಫೆನ್ಸಿನ್ ಎಂಬ ಪ್ರೋಟೀನಿನದು ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಗ್ರೆಗರಿ ಬಾರ್ಷ್ ಅವರ ತಂಡ 2007ರಲ್ಲಿ ತೋರಿಸಿತು. ಸೋಂಕಿನ ವಿರುದ್ಧ ರಕ್ಷಣೆಗೆಂದು ಹೆಸರಾದ ಪ್ರೋಟೀನುಗಳ ಕುಟುಂಬದ ಸದಸ್ಯವೊಂದು ಬಣ್ಣದ ಕೆಲಸದಲ್ಲೂ ಇದೆ ಎಂಬುದು ಯಾರೂ ನಿರೀಕ್ಷಿಸದ ಸಂಗತಿಯಾಗಿತ್ತು.

ಲಿಟಲ್ ಅವರ ಊಹೆಯನ್ನು ಡಿಎನ್‌ಎ ಇಲ್ಲದೆ ಪರೀಕ್ಷಿಸಲು ಸಾಧ್ಯವಿತ್ತೇ? ಸಾಧ್ಯವಿತ್ತು. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡಲಿ. ಒಂದು ನೆಲೆಯಲ್ಲಿ ಒಂದು ನಾಯಿಗೆ ಎರಡೇ ಆಲೀಲ್‌ಗಳಿರಲು ಸಾಧ್ಯ. ಪ್ರಬಲ ಕಪ್ಪು ‘ಎ’ ನೆಲೆಯಲ್ಲೇ ಇದ್ದರೆ, ಕಪ್ಪು ನಾಯಿಯಲ್ಲಿ ಅದರ ಜೊತೆಗೆ ಇನ್ನೊಂದೇ ಆಲೀಲ್ ಇರುತ್ತದೆ. ಅದನ್ನು ಕಪ್ಪು-ಕಂದು ಗುರುತಿನ ಅಪ್ರಬಲ ನಾಯಿಯೊಂದಿಗೆ ಕೂಡಿಸಿದರೆ ಮರಿಗಳಲ್ಲಿ ಹೆಚ್ಚೆಂದರೆ ಎರಡು ಬಗೆ. ಬದಲಿಗೆ, ಪ್ರಬಲ ಕಪ್ಪು ಬೇರೆ ನೆಲೆಯಲ್ಲಿದ್ದರೆ, ಕಪ್ಪು ನಾಯಿ ‘ಎ’ ನೆಲೆಯಲ್ಲಿ ಎರಡು ಬೇರೆ ಆಲೀಲ್‌ಗಳನ್ನು ಬಚ್ಚಿಟ್ಟುಕೊಂಡಿರಬಹುದು. ಆಗ ಅದೇ ಕೂಡಿಕೆಯಿಂದ ಕಪ್ಪು, ಹಳದಿ, ಕಪ್ಪು-ಕಂದು ಎಂಬ ಮೂರು ಬಗೆಯ ಮರಿಗಳು 2:1:1 ಪ್ರಮಾಣದಲ್ಲಿ ಬರಬೇಕು. ಮೂರನೆಯ ಬಗೆಯ ಒಂದೇ ಮರಿ, ಪಿತೃತ್ವ ಖಚಿತವಾಗಿದ್ದರೆ, ಊಹೆಯನ್ನು ಉರುಳಿಸಲು ಸಾಕು. ಪ್ರಮಾಣಗಳು ಹೊಂದಿಕೊಂಡವು ಎಂದ ಮಾತ್ರಕ್ಕೆ ಮಾದರಿ ಸರಿಯಾಗುವುದಿಲ್ಲ. ಯಾವ ಪ್ರಯೋಗದಲ್ಲಿ ಅದು ಸೋಲಬಹುದು ಎಂದು ಹುಡುಕಬೇಕು.

‘ಸಿ’ ನೆಲೆಯ ಕತೆಯೂ ಹೀಗೆಯೇ. ಇಲಿ ಮೊಲಗಳಲ್ಲಿ ಮಾಸಲು ಬಣ್ಣಕ್ಕೆ ಟೈರೊಸಿನೇಸ್ ಎಂಬ ಕಿಣ್ವದ ಜೀನ್ ಕಾರಣವಾದ್ದರಿಂದ ನಾಯಿಯಲ್ಲೂ ಹಾಗೆಯೇ ಎಂದು ಭಾವಿಸಲಾಗಿತ್ತು. ನಾಯಿಗಳ ಸಾಮಾನ್ಯ ಕೆನೆಬಣ್ಣಕ್ಕೆ ಆ ಜೀನ್ ಕಾರಣವಲ್ಲವೆಂದು ಮುಂದೆ ತಿಳಿಯಿತು. ಸಾದೃಶ್ಯ ದಾರಿ ತೋರಿಸುತ್ತದೆ, ಅದೇ ಪುರಾವೆಯಲ್ಲ.

ಎರಡು ಬಿಳಿಗಳು

ಈಗ ಮೊದಲಿನ ಎರಡು ನಾಯಿಗಳಿಗೆ ಮರಳೋಣ. ವೆಸ್ಟ್ ಹೈಲ್ಯಾಂಡ್ ಟೆರಿಯರ್‌ನಲ್ಲಿ ಎಂಸಿ1ಆರ್ ಜೀನಿನ ಎರಡೂ ಪ್ರತಿಗಳು ಕೆಲಸ ಮಾಡುವುದಿಲ್ಲ. ಹೀಗಾಗಿ ಕೂದಲಿನಲ್ಲಿ ಕಪ್ಪು ವರ್ಣಕ ತಯಾರಾಗುವುದಿಲ್ಲ, ಫಿಯೋಮೆಲನಿನ್ ಮಾತ್ರ. ಅದರ ಸಾಂದ್ರತೆಯೂ ಬೇರೆ ಜೀನುಗಳಿಂದಾಗಿ ತೀರ ಕಡಿಮೆಯಾಗಿ ಬಿಳಿಯಾಗಿ ಕಾಣುತ್ತದೆ. ಆದರೆ ವರ್ಣಕಕೋಶಗಳು ಸ್ವಸ್ಥಾನದಲ್ಲಿವೆ. ಮೂಗು ಮತ್ತು ಕಣ್ಣಂಚು ಕಪ್ಪಾಗಿರುವುದು ಇದಕ್ಕೆ ಸಾಕ್ಷಿ.

ಬಿಳಿ ಬುಲ್ ಟೆರಿಯರ್‌ನದು ‘ಎಸ್’ ನೆಲೆಯ ಬಿಳಿ. ಎಂಐಟಿಎಫ್ ಜೀನನ್ನು 2007ರಲ್ಲಿ ಪತ್ತೆ ಮಾಡಿದಾಗ ಬಳಸಿದ ನಾಯಿಗಳಲ್ಲಿ ಬಾಕ್ಸರ್ ಜೊತೆಗೆ ಬುಲ್ ಟೆರಿಯರ್ ಕೂಡ ಇತ್ತು. ಭ್ರೂಣದಲ್ಲಿ ವರ್ಣಕಕೋಶಗಳು ಬೆನ್ನಿನ ನರಪಟ್ಟಿಯ ಬಳಿ ಹುಟ್ಟಿ ಅಲ್ಲಿಂದ ಮೈಯೆಲ್ಲಕ್ಕೂ ವಲಸೆ ಹೋಗುತ್ತವೆ. ಆ ವಲಸೆ ಅಥವಾ ಅವುಗಳ ಉಳಿವು ಕುಂದಿದಲ್ಲಿ ಚರ್ಮ ಬಿಳಿಯಾಗಿ ಉಳಿಯುತ್ತದೆ.

ಈ ಕೋಶಗಳ ಗಮ್ಯಸ್ಥಾನಗಳಲ್ಲಿ ಒಳಗಿವಿಯೂ ಒಂದು. ಒಳಗಿವಿಯ ಶಂಖಾಕಾರದ ನಾಳದಲ್ಲಿರುವ ದ್ರವ ಪೊಟ್ಯಾಸಿಯಂ ಅಯಾನುಗಳಿಂದ ಸಮೃದ್ಧ. ಅದರ ವಿದ್ಯುತ್ ವಿಭವ ಸುತ್ತಲಿನ ದ್ರವಕ್ಕಿಂತ ಸುಮಾರು 80 ಮಿಲಿವೋಲ್ಟ್ ಹೆಚ್ಚು. ಶಬ್ದವನ್ನು ನರಸಂಕೇತವಾಗಿಸುವ ರೋಮಕೋಶಗಳಿಗೆ ಇದೇ ಬ್ಯಾಟರಿ. ಈ ಬ್ಯಾಟರಿಯನ್ನು ಚಾರ್ಜ್ ಮಾಡಿಡುವ ನಾಳಭಿತ್ತಿಯ ಪದರದಲ್ಲಿ ವರ್ಣಕಕೋಶಗಳು ಇರಲೇಬೇಕು. ಅವಿಲ್ಲದಿದ್ದರೆ ಮರಿ ಹುಟ್ಟಿದ ಮೂರು-ನಾಲ್ಕು ವಾರಗಳಲ್ಲಿ ಆ ಪದರ ಸೊರಗುತ್ತದೆ, ರೋಮಕೋಶಗಳು ಸಾಯುತ್ತವೆ. ಆ ಕಿವಿ ಶಾಶ್ವತವಾಗಿ ಕಿವುಡಾಗುತ್ತದೆ.

ಅಂಕಿಗಳನ್ನು ನೋಡಿ. ಲೂಸಿಯಾನ ರಾಜ್ಯ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಟ್ರೇನ್ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಬಿಳಿ ಬುಲ್ ಟೆರಿಯರ್‌ಗಳಲ್ಲಿ ಸುಮಾರು 20 ಶೇಕಡಾ ಒಂದು ಅಥವಾ ಎರಡು ಕಿವಿಗಳಲ್ಲಿ ಕಿವುಡಾಗಿದ್ದವು. ಬಣ್ಣದ ಬುಲ್ ಟೆರಿಯರ್‌ಗಳಲ್ಲಿ ಈ ಪ್ರಮಾಣ 1 ಶೇಕಡಾಕ್ಕಿಂತ ತುಸು ಹೆಚ್ಚು. ತಳಿ ಒಂದೇ, ವ್ಯತ್ಯಾಸ ಬಣ್ಣದ್ದು. ಹಾಗೆಂದು ಎಲ್ಲ ಬಿಳಿಯನ್ನೂ ದೂಷಿಸಬೇಕಾಗಿಲ್ಲ. ವೆಸ್ಟ್ ಹೈಲ್ಯಾಂಡ್ ಟೆರಿಯರ್‌ನ ಬಿಳಿ ಈ ಬಗೆಯದಲ್ಲ.

ಇಲ್ಲಿ ಇನ್ನೊಂದು ಅಳತೆಯ ಪ್ರಶ್ನೆಯಿದೆ. ಅದೇ ಸಮೀಕ್ಷೆಯ ಡಾಲ್ಮೇಷನ್ ನಾಯಿಗಳಲ್ಲಿ ಸುಮಾರು 22 ಶೇಕಡಾ ಒಂದೇ ಕಿವಿಯಲ್ಲಿ, 8 ಶೇಕಡಾ ಎರಡೂ ಕಿವಿಗಳಲ್ಲಿ ಕಿವುಡು. ಒಂದು ಕಿವಿ ಕೇಳುವ ನಾಯಿ ಚಪ್ಪಾಳೆಗೆ ತಿರುಗಿ ನೋಡುತ್ತದೆ. ಎಂದರೆ, ಸಾಕಿದವರು ಕಣ್ಣಳತೆಯಲ್ಲಿ ಪತ್ತೆ ಮಾಡುವುದು ನಾಲ್ಕರಲ್ಲಿ ಸುಮಾರು ಒಂದನ್ನು ಮಾತ್ರ. ಉಳಿದ ಮೂರು ‘ಆರೋಗ್ಯವಂತ’ ಎನಿಸಿಕೊಂಡು ಮುಂದಿನ ಪೀಳಿಗೆಗೆ ತಂದೆತಾಯಿಯಾಗುತ್ತವೆ. ಇದಕ್ಕೆ ಪರಿಹಾರವಿದೆ. ಮರಿಗೆ ಐದು ವಾರ ತುಂಬಿದ ಮೇಲೆ ಪ್ರತಿ ಕಿವಿಗೂ ಬೇರೆಯಾಗಿ ಶಬ್ದ ಕೊಟ್ಟು ಮಿದುಳುಕಾಂಡದ ವಿದ್ಯುತ್ ಪ್ರತಿಕ್ರಿಯೆಯನ್ನು ದಾಖಲಿಸುವ ಪರೀಕ್ಷೆಯಿಂದ ಇದು ಖಚಿತವಾಗಿ ತಿಳಿಯುತ್ತದೆ. ಬಿಳಿಯನ್ನು ಆರಿಸುವವರು ಈ ಪರೀಕ್ಷೆಯ ಹೊಣೆಯನ್ನೂ ಹೊರಬೇಕು.

ಬಿಳಿ ಪ್ರಾಣಿಗಳಿಗೂ ಕಿವುಡುತನಕ್ಕೂ ಇರುವ ನಂಟು ಹೊಸ ವಿಷಯವೇ? ಅಲ್ಲ. ನೀಲಿ ಕಣ್ಣಿನ ಬೆಕ್ಕುಗಳ ಕಿವುಡನ್ನು ಡಾರ್ವಿನ್ 1859ರ ತಮ್ಮ ಗ್ರಂಥದಲ್ಲೇ ಉಲ್ಲೇಖಿಸಿದ್ದರು. ಹಳದಿ ಇಲಿಯ ಪಾಠವನ್ನು ಲಿಟಲ್ ತಾವೇ ಬರೆದವರು. ಆದರೂ ‘ಎಸ್’ ಎಂಬ ಅಕ್ಷರವನ್ನು ಬರೆದಾಗ ಅದರಲ್ಲಿ ಚರ್ಮ ಮಾತ್ರ ಕಾಣುತ್ತದೆ, ಕಿವಿ ಕಾಣುವುದಿಲ್ಲ. ಈ ಸಂಕೇತ ಪದ್ಧತಿಯ ಮುಖ್ಯ ಮಿತಿ ಇದು ಎಂದು ನನ್ನ ಅಭಿಪ್ರಾಯ. ಗ್ರಂಥದಿಂದ ಅಕ್ಷರಗಳನ್ನು ಮಾತ್ರ ಕಿತ್ತು ಬಣ್ಣದ ಕೋಷ್ಟಕಗಳನ್ನು ಮಾಡಿಕೊಂಡಾಗ ಈ ಮಿತಿ ಅಪಾಯವಾಗುತ್ತದೆ.

‘ನೀಲಿ’ ಮತ್ತು ಮರ್ಲ್

ಒಂದೇ ಹೆಸರು, ಬೇರೆ ಕಾರಣ ಎಂಬುದಕ್ಕೆ ಇನ್ನೊಂದು ನಿದರ್ಶನ ಯಾರ್ಕ್‌ಷೈರ್ ಟೆರಿಯರ್. ಇದರ ಬೆನ್ನಿನ ಬಣ್ಣಕ್ಕೆ ‘ಉಕ್ಕಿನ ನೀಲಿ’ ಎನ್ನುತ್ತಾರೆ. ಆದರೆ ಮರಿ ಹುಟ್ಟುವಾಗ ಕಪ್ಪು-ಕಂದು. ಬೆಳೆಯುತ್ತ ಕಪ್ಪು ಮಾಸಿ ನೀಲಿಬೂದಿಯಾಗುತ್ತದೆ. ಇತರ ಹಲವು ತಳಿಗಳಲ್ಲಿ ‘ನೀಲಿ’ ಎಂದರೆ ‘ಡಿ’ ನೆಲೆಯ ಅಪ್ರಬಲ ಜೋಡಿ. ಅದು ಹುಟ್ಟಿನಿಂದಲೇ ಬೂದು. ಅಲ್ಲಿ ವರ್ಣಕದ ಕಣಗಳು ಕೂದಲಿನಲ್ಲಿ ಸಮನಾಗಿ ಹರಡದೆ ಗುಂಪುಗಟ್ಟುತ್ತವೆ, ಮತ್ತು ಅಂಥ ಕೆಲವು ನಾಯಿಗಳಲ್ಲಿ ಕೂದಲು ಉದುರುವ ಚರ್ಮರೋಗ ಕಾಣಿಸಿಕೊಳ್ಳುತ್ತದೆ. ಎರಡು ‘ನೀಲಿ’ಗಳನ್ನು ಒಂದೇ ಎಂದು ಭಾವಿಸಿದವರು ಎರಡನ್ನೂ ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆ.

ಮರ್ಲ್ ವಿಷಯ ಇನ್ನೂ ಗಂಭೀರ. ಒಂದು ಪ್ರತಿ ಇದ್ದರೆ ಆಕರ್ಷಕ ಮಾಸಲು ಮಚ್ಚೆ. ಎರಡು ಪ್ರತಿ ಇದ್ದರೆ ಬಹುತೇಕ ಬಿಳಿ ಮೈ, ಕಣ್ಣು ಕಿವಿಗಳ ದೋಷದ ಸಂಭವ. ಸ್ಟ್ರೇನ್ ಮತ್ತು ಸಂಗಡಿಗರು 2009ರಲ್ಲಿ ವರದಿ ಮಾಡಿದಂತೆ, ಒಂದು ಪ್ರತಿಯ ನಾಯಿಗಳಲ್ಲಿ ಕಿವುಡು ಸುಮಾರು 3.5 ಶೇಕಡಾ, ಎರಡು ಪ್ರತಿಯವುಗಳಲ್ಲಿ 25 ಶೇಕಡಾ. ಮರ್ಲ್ ನಾಯಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಈ ಗುಂಪಿಗೆ ಸೇರುವ ಸಂಭವನೀಯತೆಯಿದೆ.

ಮರ್ಲ್ ಯಾರ್ಕ್‌ಷೈರ್ ಟೆರಿಯರ್‌ನ ಅಂಗೀಕೃತ ಬಣ್ಣವಲ್ಲ. ಅಂಥ ಮರಿಯನ್ನು ‘ಅಪರೂಪದ ಬಣ್ಣ’ ಎಂದು ಮಾರಾಟಕ್ಕಿಟ್ಟಾಗ ಅದರ ವಂಶದ ಬಗ್ಗೆ ಪ್ರಶ್ನೆ ಕೇಳಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಮರ್ಲ್ ಕಪ್ಪು ವರ್ಣಕವನ್ನು ಮಾತ್ರ ಬಾಧಿಸುತ್ತದೆ. ಎಂಸಿ1ಆರ್ ಕೆಲಸ ಮಾಡದ, ಎಂದರೆ ಕೂದಲಿನಲ್ಲಿ ಕಪ್ಪೇ ಇಲ್ಲದ ನಾಯಿಯಲ್ಲಿ ಅದು ಇದ್ದರೂ ಕಾಣುವುದಿಲ್ಲ. ಕಣ್ಣು ಇಲ್ಲಿ ಸಾಕಾಗದು, ಡಿಎನ್‌ಎ ಪರೀಕ್ಷೆ ಬೇಕು.

ಹಾಗಾದರೆ ಅಪರೂಪದ ಬಣ್ಣವೆಲ್ಲ ಕೆಟ್ಟದ್ದೇ? ಅಲ್ಲ. ಜರ್ಮನಿಯ ಬೀವರ್ ದಂಪತಿಗಳ ಯಾರ್ಕ್‌ಷೈರ್ ಟೆರಿಯರ್‌ಗಳಿಗೆ 1984ರಲ್ಲಿ ಬಿಳಿ ಮಚ್ಚೆಯ ಮರಿ ಹುಟ್ಟಿತು. ಅದರಿಂದ ಮೊದಲಾದ ಬೀವರ್ ಟೆರಿಯರ್ ಅನ್ನು 2021ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಪ್ರತ್ಯೇಕ ತಳಿಯಾಗಿ ಮಾನ್ಯ ಮಾಡಿತು. ಇಲ್ಲಿ ಕೇಳಬೇಕಾದದ್ದು ಬಣ್ಣ ಸಂಪ್ರದಾಯಬದ್ಧವೇ ಎಂದಲ್ಲ. ಆ ಆಲೀಲ್ ಇನ್ನೇನು ಮಾಡುತ್ತದೆ, ಮತ್ತು ತಳಿಯ ಪೂರ್ವಜರು ಎಷ್ಟು ಮಂದಿ ಎಂದು.

ಸಂಖ್ಯೆಗಳು ಏನು ಹೇಳುತ್ತವೆ?

ಪೂರ್ವಜರ ಸಂಖ್ಯೆ ಏಕೆ ಮುಖ್ಯ? ಟೆರಿಯರ್‌ಗಳಲ್ಲಿ ಬಣ್ಣಕ್ಕೆ ಸಂಬಂಧವೇ ಇಲ್ಲದ ಅಪ್ರಬಲ ರೋಗಗಳೂ ಇವೆ. ಜ್ಯಾಕ್ ರಸೆಲ್ ಮತ್ತು ಮಿನಿಯೇಚರ್ ಬುಲ್ ಟೆರಿಯರ್‌ಗಳಲ್ಲಿ ಕಣ್ಣಿನ ಮಸೂರ ತನ್ನ ಸ್ಥಾನದಿಂದ ಜಾರಿ ನೋವು ಮತ್ತು ಕುರುಡು ತರುವ ರೋಗವಿದೆ. ಅದರ ಉತ್ಪರಿವರ್ತನೆ ಎಡಿಎಎಂಟಿಎಸ್17 ಜೀನಿನಲ್ಲಿದೆಯೆಂದು 2010ರಲ್ಲಿ ತಿಳಿಯಿತು. ವೆಸ್ಟ್ ಹೈಲ್ಯಾಂಡ್ ಮತ್ತು ಕೈರ್ನ್ ಟೆರಿಯರ್‌ಗಳಲ್ಲಿ ಕ್ರಾಬೆ ರೋಗವೆಂಬ ಮಾರಕ ನರರೋಗವಿದೆ. ಈ ಎರಡು ತಳಿಗಳ ಬಣ್ಣ ಬೇರೆ, ಉತ್ಪರಿವರ್ತನೆ ಒಂದೇ. ಅವು ಹಿಂದೆ ಒಂದೇ ಮೂಲದಿಂದ ಬಂದವು ಎಂಬುದನ್ನು ಇದು ಹೇಳುತ್ತದೆ.

ಇಬ್ಬರು ವಾಹಕರನ್ನು ಕೂಡಿಸಿದರೆ ರೋಗದ ಮರಿಯ ಸಂಭವನೀಯತೆ 1/4. ಸೂಲಿನಲ್ಲಿ ನಾಲ್ಕು ಮರಿಗಳಿದ್ದರೆ ಒಂದೂ ರೋಗಿಯಾಗದಿರುವ ಸಂಭವನೀಯತೆ 3/4ರ ನಾಲ್ಕನೆಯ ಘಾತ, ಎಂದರೆ ಸುಮಾರು 0.32. ನೂರು ಸೂಲುಗಳಲ್ಲಿ 32 ‘ಶುದ್ಧ’ವಾಗಿ ಕಾಣುತ್ತವೆ. ಟೆರಿಯರ್‌ನಂಥ ಸಣ್ಣ ಸೂಲಿನ ತಳಿಗಳಲ್ಲಿ ‘ನಮ್ಮ ಮರಿಗಳಲ್ಲಿ ಎಂದೂ ಬಂದಿಲ್ಲ’ ಎಂಬ ಮಾತಿಗೆ ಬೆಲೆ ಎಷ್ಟೆಂದು ಇದರಿಂದ ಊಹಿಸಿ.

ಹಾಗೆಂದು ವಾಹಕಗಳನ್ನೆಲ್ಲ ತಳಿಯಿಂದ ತೆಗೆದುಹಾಕಬೇಕೇ? ಒಂದು ಕಾಲ್ಪನಿಕ ಲೆಕ್ಕ ನೋಡೋಣ. ನೂರರಲ್ಲಿ ಒಂದು ನಾಯಿಗೆ ರೋಗವಿದ್ದರೆ ಆ ಆಲೀಲ್‌ನ ಆವೃತ್ತಿ 0.1, ವಾಹಕಗಳು ನೂರರಲ್ಲಿ 18, ಪೂರ್ಣ ಮುಕ್ತವಾದವು 81. ಇಂಥ ಐದು ಸ್ವತಂತ್ರ ರೋಗಗಳಿದ್ದರೆ ಐದರಿಂದಲೂ ಪೂರ್ಣ ಮುಕ್ತವಾದ ನಾಯಿಗಳು 0.81ರ ಐದನೆಯ ಘಾತ, ನೂರರಲ್ಲಿ ಸುಮಾರು 35 ಮಾತ್ರ. ಇವುಗಳಲ್ಲಿ ನಾಲ್ಕರಲ್ಲೊಂದಕ್ಕೆ ಮಾತ್ರ ಬೇಕಾದ ಬಣ್ಣ ಇದೆಯೆನ್ನಿ; ಉಳಿಯುವುದು ಸುಮಾರು 9. ಬಣ್ಣ ಎಂಬ ಒಂದು ಷರತ್ತು ಉಳಿದ ನಾಯಿಗಳಲ್ಲಿ ನಾಲ್ಕರಲ್ಲಿ ಮೂರನ್ನು ಹೊರದಬ್ಬಿತು. ವಾಹಕವನ್ನು ಮುಕ್ತ ನಾಯಿಯೊಂದಿಗೆ ಕೂಡಿಸಿದರೆ ರೋಗದ ಮರಿ ಹುಟ್ಟುವುದಿಲ್ಲ. ಆದ್ದರಿಂದ ವಾಹಕವನ್ನು ಉಳಿಸಿಕೊಂಡು ಜೋಡಿಯನ್ನು ಎಚ್ಚರದಿಂದ ಆರಿಸುವುದೇ ವಿವೇಕ.

ಇನ್ನೊಂದು ಸೂತ್ರ. ತಳಿಯ ಪರಿಣಾಮಕಾರಿ ಸಂಖ್ಯೆ ಎಂದರೆ ಗಂಡು ಮತ್ತು ಹೆಣ್ಣುಗಳ ಗುಣಲಬ್ಧದ ನಾಲ್ಕರಷ್ಟನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು. ಹೆಸರಾಂತ 5 ಗಂಡುಗಳು, 100 ಹೆಣ್ಣುಗಳು ಇದ್ದರೆ ಈ ಸಂಖ್ಯೆ 105 ಅಲ್ಲ, ಕೇವಲ 19. ಒಳಸಂತಾನದ ಗುಣಾಂಕ ಪ್ರತಿ ಪೀಳಿಗೆಗೆ ಸುಮಾರು 2.6 ಶೇಕಡಾ ಏರುತ್ತದೆ. ಗಂಡುಗಳು 20 ಆದರೆ ಸಂಖ್ಯೆ 67ಕ್ಕೆ ಏರಿ, ಏರಿಕೆ 0.75 ಶೇಕಡಾಕ್ಕೆ ಇಳಿಯುತ್ತದೆ. ಯಾರ್ಕ್‌ಷೈರ್ ಟೆರಿಯರ್‌ನ ಮೂಲಪುರುಷನೆಂದು ಹೆಸರಾದ ಹಡರ್ಸ್‌ಫೀಲ್ಡ್ ಬೆನ್ 1865ರಿಂದ 1871ರವರೆಗೆ, ಆರೇ ವರ್ಷ ಬದುಕಿದ ನಾಯಿ. ಒಂದೇ ಗಂಡಿನ ಪ್ರಭಾವ ಒಂದು ತಳಿಯ ಮೇಲೆ ಎಷ್ಟಿರಬಹುದೆಂಬುದಕ್ಕೆ ಅದು ಉದಾಹರಣೆ.

ಈ ವಿವೇಕ ಸಂಸ್ಥೆಗಳಿಗೆ ತಡವಾಗಿ ಬಂತು. 2008ರಲ್ಲಿ ಬ್ರಿಟನ್ನಿನ ಬಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು ಶುದ್ಧತಳಿ ನಾಯಿಗಳ ರೋಗಗಳನ್ನು ಜನರ ಮುಂದಿಟ್ಟಿತು. ತಂದೆ-ಮಗಳು, ತಾಯಿ-ಮಗ, ಅಣ್ಣ-ತಂಗಿ ಸಂಬಂಧದ ನಾಯಿಗಳ ಮರಿಗಳನ್ನು ನೋಂದಾಯಿಸುವುದಿಲ್ಲವೆಂದು ಅಲ್ಲಿನ ಕೆನಲ್ ಕ್ಲಬ್ 2009ರಲ್ಲಿ ತೀರ್ಮಾನಿಸಿತು. ಇಂಥ ಕೂಡಿಕೆಯ ಒಳಸಂತಾನ ಗುಣಾಂಕ 1/4. ಜೀವಿವಿಜ್ಞಾನಿ ಪ್ಯಾಟ್ರಿಕ್ ಬೇಟ್‌ಸನ್ 2010ರಲ್ಲಿ ಸಲ್ಲಿಸಿದ ಸ್ವತಂತ್ರ ವರದಿ ಈ ಚರ್ಚೆಗೆ ವೈಜ್ಞಾನಿಕ ತಳಹದಿ ಒದಗಿಸಿತು.

ಕೊನೆಯ ಮಾತು

ಲಿಟಲ್ ಅವರ ಗ್ರಂಥವನ್ನು ಇಂದು ಹೇಗೆ ಓದಬೇಕು? ಎಣಿಕೆಯಿಂದ ಕಾರಣದತ್ತ ಸಾಗುವ ವಿಧಾನಕ್ಕೆ ಮಾದರಿಯಾಗಿ ಓದಿ. ‘ಕೆ’ ನೆಲೆಯ ವಿಷಯದಲ್ಲಿ ಅದು ಹೇಗೆ ತಪ್ಪಿತೆಂಬುದನ್ನು ವಿದ್ಯಾರ್ಥಿಗಳಿಂದಲೇ ಕಂಡುಹಿಡಿಸಿ. ಆದರೆ ತಳಿವರ್ಧನೆಯ ಕೈಪಿಡಿಯಾಗಿ ಅದರ ಅಕ್ಷರಪಟ್ಟಿ ಸಾಲದು. ‘ಮರಿಯ ಬಣ್ಣವೇನು?’ ಎಂಬ ಒಂದು ಪ್ರಶ್ನೆಗೆ ಅದು ಉತ್ತರಿಸುತ್ತದೆ. ಜವಾಬ್ದಾರಿಯ ತಳಿವರ್ಧನೆಗೆ ಇನ್ನೂ ಮೂರು ಪ್ರಶ್ನೆಗಳು ಬೇಕು: ಈ ಆಲೀಲ್ ಚರ್ಮದ ಹೊರಗೆ ಎಲ್ಲೆಲ್ಲಿ ಕೆಲಸ ಮಾಡುತ್ತದೆ? ತಂದೆತಾಯಿಗಳ ಕಿವಿ, ಕಣ್ಣು ಮತ್ತು ರೋಗಸಂಬಂಧಿ ಜೀನುಗಳ ಪರೀಕ್ಷೆಯಾಗಿದೆಯೇ? ಈ ಆಯ್ಕೆಯ ನಂತರ ತಳಿಯಲ್ಲಿ ಎಷ್ಟು ಪೂರ್ವಜರ ವೈವಿಧ್ಯ ಉಳಿಯುತ್ತದೆ?

ನಾವು ತರಗತಿಯಲ್ಲಿ ಬಟಾಣಿಯ 3:1 ಪ್ರಮಾಣವನ್ನು ಹೇಳಿಕೊಟ್ಟು ಮುಂದಕ್ಕೆ ಹೋಗುತ್ತೇವೆ. ಸುಕ್ಕಿದ ಬಟಾಣಿಗೆ ನೋವಾಗುವುದಿಲ್ಲ. ಅದೇ ಚೌಕವನ್ನು ನಾಯಿಗೆ ಬರೆದಾಗ ನಾಲ್ಕನೆಯ ಮನೆಯಲ್ಲಿ ಇರುವುದು ಹತ್ತು ಹನ್ನೆರಡು ವರ್ಷ ಬದುಕಬೇಕಾದ ಪ್ರಾಣಿ. ಚೌಕ ಬರೆಯುವುದನ್ನು ಕಲಿಸುವಾಗ ಈ ಮಾತನ್ನೂ ಸೇರಿಸಿ ಹೇಳುವುದು ಅಧ್ಯಾಪಕರ ಕೆಲಸ.